ಸಂಗಾಯಿ

ಬೇಟೆಯು ಮಾನವನ ಅತಿ ಪ್ರಾಚೀನ ವೃತ್ತಿಗಳಲ್ಲೊಂದು. ಹಸಿವನ್ನು ನೀಗಿಸಲು ಮೊದಲಾದ ಅದು ಕಾಲಕ್ರಮದಲ್ಲಿ ವಿನೋದವೂ ಆಯಿತು. ಬಿಲ್ಲುಬಾಣಗಳ ಕಾಲದಲ್ಲಿ ಓಡಿ ತಪ್ಪಿಸಿಕೊಳ್ಳಬಲ್ಲವಾಗಿದ್ದ ಜಿಂಕೆಗಳಿಗೆ ಕೋವಿಯ ಗುಂಡಿನಿಂದ ಪಾರಾಗುವುದು ಕಷ್ಟವಾಯಿತು. ಮಿತಿಯಿಲ್ಲದ ಬೇಟೆಯಿಂದ ಒಂದು ಜೀವಿಯ ಸಂತತಿಯೇ ಹೇಗೆ ಅಳಿವಿನ ಅಂಚನ್ನು ಮುಟ್ಟಬಹುದು ಎಂಬುದಕ್ಕೆ ಮಣಿಪುರದ ಸಂಗಾಯಿ ಜಿಂಕೆಯ ವೃತ್ತಾಂತವು ಒಂದು ನಿದರ್ಶನ.

ಮಣಿಪುರದ ಲೋಕ್ತಕ್ ಸರೋವರವು ಈಶಾನ್ಯ ಭಾರತದ ಸಿಹಿನೀರಿನ ಸರೋವರಗಳಲ್ಲೆಲ್ಲ ದೊಡ್ಡದು. ಅದರ ಆಗ್ನೇಯ ಭಾಗದಲ್ಲಿ ಕೈಬುಲ್ ಲಮ್ಜಾವೊ ಎಂಬ ಜೌಗು ಪ್ರದೇಶವಿದೆ. ಅಲ್ಲಿ ಹುಲ್ಲು, ಬೇರು, ಕೊಳೆತ ಸಸ್ಯ ಮತ್ತು ಮಣ್ಣು ಒಂದರೊಡನೊಂದು ಹೆಣೆದುಕೊಂಡು ದಪ್ಪನೆಯ ಹಾಸುಗಳಾಗಿ ನೀರಿನ ಮೇಲೆ ತೇಲುತ್ತವೆ. ಇವುಗಳಿಗೆ 'ಫುಮ್ಡಿ' ಎಂದು ಹೆಸರು. ಈ ತೇಲುವ ನೆಲವೇ ಸಂಗಾಯಿಯ ಮನೆ. ಮೆತ್ತನೆಯ ಹಾಸಿನ ಮೇಲೆ ಅದು ಹೆಜ್ಜೆಯಿಡುವ ಬೆಡಗನ್ನು ಕಂಡವರು ಅದನ್ನು 'ನರ್ತಿಸುವ ಜಿಂಕೆ' ಎಂದು ಕರೆದಿದ್ದಾರೆ. ಹುಬ್ಬಿನಿಂದ ಮುಂದಕ್ಕೆ ಬಾಗಿದ ಕವಲುಗೊಂಬು ಗಂಡಿನ ವಿಶೇಷ ಲಕ್ಷಣ.

ಬೇಟೆಯ ಜೊತೆಗೆ ಜೌಗು ನೆಲದ ಒತ್ತುವರಿಯೂ ಸೇರಿ ಸಂಗಾಯಿಗಳ ಸಂಖ್ಯೆ ಕ್ಷೀಣಿಸಿತು. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿಯನ್ನು ಈಯುವುದರಿಂದ, ಸತ್ತವುಗಳ ಸ್ಥಾನ ಬೇಗನೆ ತುಂಬಲಿಲ್ಲ. 1951ರಲ್ಲಿ ಈ ಜಿಂಕೆ ನಿರ್ನಾಮವಾಯಿತೆಂದೇ ಭಾವಿಸಲಾಯಿತು. ಆದರೆ 1953ರಲ್ಲಿ ನಿಸರ್ಗತಜ್ಞ ಇ. ಪಿ. ಜೀ ಅವರು ಕೈಬುಲ್ ಲಮ್ಜಾವೊದಲ್ಲಿ ಕೆಲವು ಸಂಗಾಯಿಗಳು ಉಳಿದಿರುವುದನ್ನು ಪತ್ತೆಹಚ್ಚಿದರು. 1975ರಲ್ಲಿ ವಿಮಾನದಿಂದ ಎಣಿಸಿದಾಗ ಕಂಡವು ಕೇವಲ 14!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಸಂಗಾಯಿಯನ್ನು ಮೊದಲನೆಯ ಅನುಸೂಚಿಗೆ ಸೇರಿಸಿ ಅದರ ಬೇಟೆಯನ್ನು ನಿಷೇಧಿಸಿತು. ಇಂಥ ಅಪರಾಧಕ್ಕೆ ಇಂದು 3ರಿಂದ 7 ವರ್ಷಗಳ ಸೆರೆವಾಸದ ಶಿಕ್ಷೆಯುಂಟು. 1977ರಲ್ಲಿ ಸುಮಾರು 40 ಚದರ ಕಿಲೋಮೀಟರಿನ ಆ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. 2016ರ ಗಣತಿಯಲ್ಲಿ ಸಂಗಾಯಿಗಳ ಸಂಖ್ಯೆ 260ಕ್ಕೆ ಏರಿತ್ತು.

ಹಾಗಾದರೆ ಅಪಾಯ ಕಳೆಯಿತೇ? ಇಲ್ಲ. ಹಿಂದೆ ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ಡಿಗಳು ಸರೋವರದ ತಳವನ್ನು ಮುಟ್ಟುತ್ತಿದ್ದವು. ಸಸ್ಯಗಳ ಬೇರುಗಳು ಅಲ್ಲಿಂದ ಸಾರವನ್ನು ಹೀರಿ ಪುಷ್ಟಿಗೊಳ್ಳುತ್ತಿದ್ದವು. 1983ರಲ್ಲಿ ಜಲವಿದ್ಯುತ್ತಿಗಾಗಿ ಇಥಾಯಿ ಅಡ್ಡಗಟ್ಟೆ ಸಿದ್ಧವಾದ ಮೇಲೆ ವರ್ಷವಿಡೀ ನೀರಿನ ಮಟ್ಟ ಎತ್ತರದಲ್ಲೇ ನಿಂತಿತು. ತಳವನ್ನು ಮುಟ್ಟಲಾರದ ಫುಮ್ಡಿಗಳು ತೆಳುವಾಗತೊಡಗಿದವು. ತೆಳುವಾದ ಹಾಸು ಜಿಂಕೆಯ ಭಾರವನ್ನು ತಾಳಲಾರದು. ಅದರ ಕಾಲು ಕುಸಿಯುತ್ತದೆ.

ಕಾಯಿದೆಯು ಬೇಟೆಗಾರನ ಕೈಯನ್ನು ತಡೆಯಬಲ್ಲದು. ಕುಸಿಯುವ ನೆಲವನ್ನು ಅದೊಂದೇ ಎತ್ತಿ ಹಿಡಿಯಲಾರದು. ನಾಡಿಗೆ ವಿದ್ಯುತ್ತೂ ಬೇಕು, ಸಂಗಾಯಿಯೂ ಬೇಕು. ಇವೆರಡನ್ನೂ ಸರಿದೂಗಿಸುವ ವಿವೇಕವನ್ನು ಮಾನವನು ತೋರಿದರೆ ಮಾತ್ರ, ಗುಂಡಿನಿಂದ ಪಾರಾದ ಈ ಜಿಂಕೆ ನೀರಿನಿಂದಲೂ ಪಾರಾದೀತು.