ನಿದ್ದೆಯ ಲೆಕ್ಕ ಬರೆದುಕೊಂಡು ಡಾಕ್ಟರ ಬಳಿಗೆ

ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ತೀರಾ ಕುಗ್ಗುವ ಬೈಪೋಲಾರ್ ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ರೋಗಿ ಹೇಳುವುದನ್ನು ಕೇಳಿ, ಮನೆಯವರು ಕಂಡದ್ದನ್ನು ಕೇಳಿ, ಹಲವು ಭೇಟಿಗಳಲ್ಲಿ ನೋಡಿ ಮನೋವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ಹಾಗಾಗಿ ಕೋಲಾರ ಜಿಲ್ಲೆಯ ಟೇಕಲ್ ಸುತ್ತಿನ ಹದಿನೈದು, ಹದಿನಾರರ ಹುಡುಗನೋ ಹುಡುಗಿಯೋ ‘ನನಗೂ ಇದೇ ಇರಬಹುದಾ’ ಎಂಬ ಅನುಮಾನದಿಂದ ಮೊದಲ ಸಲ ಆಸ್ಪತ್ರೆಗೆ ಹೊರಟರೆ ಜೊತೆಗೆ ಒಯ್ಯಬೇಕಾದದ್ದು ಒಂದು ನೋಟ್‌ಬುಕ್. ಅದರಲ್ಲಿ ಏನಿರಬೇಕು, ಯಾವ ಆಸ್ಪತ್ರೆಗೆ ಹೋಗಬೇಕು, ಒಳಗೆ ಏನೇನು ಕೇಳುತ್ತಾರೆ ಎಂಬುದು ಇಲ್ಲಿದೆ. ಮಕ್ಕಳೇ ಓದಲಿ ಎಂದು ಬರೆದದ್ದು. ಅಪ್ಪ ಅಮ್ಮಂದಿರೂ ಓದಿ.

ಮೊದಲು ನಿದ್ದೆ ನೋಡಿ

ಬೆಳಿಗ್ಗೆ ಮುನಿಸು, ಸಂಜೆ ನಗು, ರಾತ್ರಿ ಮತ್ತೆ ಅಳು. ಇಷ್ಟಕ್ಕೆಲ್ಲ ಬೈಪೋಲಾರ್ ಎಂದು ಹೆಸರಿಡಬೇಕಿಲ್ಲ. ಆ ವಯಸ್ಸೇ ಅಂಥದ್ದು. ಈ ಕಾಯಿಲೆಯ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ನಿಲ್ಲುತ್ತದೆ. ಮನೆಯವರಿಗೇ ‘ಇವನು ನಮ್ಮ ಹುಡುಗನಂತೆ ಇಲ್ಲ’ ಅನ್ನಿಸುತ್ತದೆ. ಏರಿನ ಹಂತವಾದ ಉನ್ಮಾದ ಸಾಮಾನ್ಯವಾಗಿ ಒಂದು ವಾರವಾದರೂ ಇರುತ್ತದೆ. ಅದರ ಸೌಮ್ಯ ರೂಪಕ್ಕೆ ವೈದ್ಯರು ಇಟ್ಟುಕೊಂಡಿರುವ ಅಳತೆ ಕನಿಷ್ಠ 4 ದಿನ. ಇಳಿತ, ಅಂದರೆ ಖಿನ್ನತೆ, 2 ವಾರ ಅಥವಾ ಅದಕ್ಕೂ ಹೆಚ್ಚು.

ಏರಿನ ಗುರುತುಗಳಲ್ಲಿ ಮೊದಲನೆಯದು ನಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ನಿದ್ದೆಗೆಟ್ಟವನು ಮರುದಿನ ಬೆಂಚಿನ ಮೇಲೆ ತೂಕಡಿಸುತ್ತಾನೆ. ಉನ್ಮಾದದಲ್ಲಿರುವವನು ಎರಡೇ ಗಂಟೆ ಮಲಗಿ, ಎದ್ದು, ಇಡೀ ದಿನ ಓಡಾಡಿದರೂ ದಣಿಯುವುದಿಲ್ಲ. ಅವನಿಗೆ ನಿದ್ದೆಯೇ ಬೇಡ. ಜೊತೆಗೆ ತಡೆಯಿಲ್ಲದ ಮಾತು, ಒಂದು ಮುಗಿಯುವ ಮೊದಲೇ ಇನ್ನೊಂದು ಯೋಚನೆ, ತನ್ನಂಥವನು ಇಲ್ಲವೆಂಬ ಭಾವ. ಅಪ್ಪನ ಫೋನಿನಿಂದ ಗೇಮಿಗೆ ಸಾವಿರಾರು ರೂಪಾಯಿ ಸುರಿಯುವುದು, ನಡುರಾತ್ರಿ ಮಾಲೂರಿನ ಕಡೆಯ ಎಕ್ಸ್‌ಪ್ರೆಸ್‌ವೇಗೆ ಬೈಕ್ ನುಗ್ಗಿಸುವುದು. ಹರೆಯದವರಲ್ಲಿ ಖುಷಿಯ ಬದಲು ಬರೀ ಸಿಡುಕೇ ಕಾಣಬಹುದು. ಯಾರಾದರೂ ತಡೆದರೆ ಕೈಮಾಡುವಷ್ಟು.

ಇಳಿತದಲ್ಲಿ ಎಲ್ಲ ತಿರುಗಾಮುರುಗಾ. ಹಾಸಿಗೆ ಬಿಟ್ಟೇಳಲು ಆಗದು, ಓದಿದ್ದು ತಲೆಗೆ ಹತ್ತದು, ಇಷ್ಟದ ಕಬಡ್ಡಿಯೂ ಬೇಡ, ‘ನಾನು ಯಾರಿಗೂ ಬೇಕಿಲ್ಲ’ ಎಂಬ ಮಾತು.

ಇಲ್ಲೊಂದು ಮುಖ್ಯ ವಿಷಯ. ಬಹಳ ಜನರಲ್ಲಿ ಈ ಕಾಯಿಲೆ ಮೊದಲು ಬರುವುದು ಖಿನ್ನತೆಯ ವೇಷದಲ್ಲಿ. ಡಾಕ್ಟರ ಬಳಿ ಹೋಗುವುದೂ ಕುಗ್ಗಿದಾಗಲೇ. ಎದ್ದು ಕುಣಿಯುವಂತಿದ್ದ ದಿನಗಳು ಕಾಯಿಲೆ ಎಂದು ಯಾರಿಗೂ ಅನ್ನಿಸಿರುವುದಿಲ್ಲ; ‘ಆಗ ಎಷ್ಟು ಚೆನ್ನಾಗಿದ್ದ, ಚುರುಕಾಗಿದ್ದ’ ಎಂದೇ ಮನೆಯವರು ನೆನೆಯುತ್ತಾರೆ. ಅದನ್ನು ಹೇಳದೆ ಬಂದರೆ ಡಾಕ್ಟರ ಕಣ್ಣಿಗೆ ಬೀಳುವುದು ಖಿನ್ನತೆ ಮಾತ್ರ. ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಬೈಪೋಲಾರ್ ಇರುವವರು ಒಮ್ಮೊಮ್ಮೆ ಉನ್ಮಾದಕ್ಕೆ ಜಾರುತ್ತಾರೆ. ಆದ್ದರಿಂದ ಡಾಕ್ಟರು ಕೇಳಲಿ, ಬಿಡಲಿ, ಚೆನ್ನಾಗಿದ್ದ ದಿನಗಳ ಕಥೆಯನ್ನೂ ಹೇಳಿಯೇ ಬನ್ನಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನೋಟ್‌ಬುಕ್ಕಿನ ಒಂದು ಪುಟ

ದಿನಕ್ಕೆ ನಾಲ್ಕು ಸಾಲು ಸಾಕು. ಮಲಗಿದ ಹೊತ್ತು, ಎದ್ದ ಹೊತ್ತು, ಮನಸ್ಸಿನ ಅಂಕ, ಆ ದಿನ ನಡೆದ ಒಂದು ಸಂಗತಿ. ಅಂಕಕ್ಕೆ ಸೊನ್ನೆ ಎಂದರೆ ಮಾಮೂಲು. ತೀರಾ ಏರಿದರೆ ಪ್ಲಸ್ 3, ತೀರಾ ಕುಗ್ಗಿದರೆ ಮೈನಸ್ 3. ಪುಟ ಹೀಗಿರಬಹುದು:

‘ಸೋಮವಾರ. ರಾತ್ರಿ 2ಕ್ಕೆ ಮಲಗಿದೆ, 4.30ಕ್ಕೆ ಎದ್ದೆ. ದಣಿವಿಲ್ಲ. ಬಹಳ ಮಾತಾಡ್ತೀಯ ಅಂತ ಮೇಷ್ಟ್ರು ಹೊರಗೆ ನಿಲ್ಲಿಸಿದರು. ಪ್ಲಸ್ 2.

ಮಂಗಳವಾರ. ಮಲಗಲೇ ಇಲ್ಲ. ಯೂಟ್ಯೂಬ್ ಚಾನೆಲ್ ಶುರು ಮಾಡಲು ಪ್ಲಾನ್ ಬರೆದೆ, 22 ಪುಟ. ತಮ್ಮನಿಗೆ ಹೊಡೆದೆ. ಪ್ಲಸ್ 3.’

ಎರಡು ವಾರ ಹೀಗೆ ಬರೆದರೆ ‘ಏನೋ ಒಂಥರಾ ಇದ್ದಾನೆ ಸಾರ್’ ಎಂಬ ಮಾತಿಗಿಂತ ನೂರು ಪಾಲು ವಿಷಯ ಡಾಕ್ಟರಿಗೆ ಸಿಗುತ್ತದೆ. ಹುಡುಗಿಯರು ಮುಟ್ಟಿನ ದಿನಗಳನ್ನೂ ಗುರುತು ಹಾಕಿ. ಕೊನೆಯ ಪುಟದಲ್ಲಿ ಹಿಂದಿನದನ್ನು ಬರೆಯಿರಿ: ಮೊದಲು ಹೀಗಾದದ್ದು ಯಾವಾಗ? ದಿನಾಂಕ ನೆನಪಿಲ್ಲದಿದ್ದರೆ ‘ಒಂಬತ್ತನೇ ಕ್ಲಾಸಿನ ದಸರಾ ರಜೆ’ ಎಂದರೂ ಆದೀತು.

ಮನೆತನದ ವಿವರವೂ ಬೇಕು, ಅದನ್ನು ಅಪ್ಪ ಅಮ್ಮನೇ ತುಂಬಬೇಕು. ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಬೈಪೋಲಾರ್ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಹೆಚ್ಚು. ವರ್ಷಕ್ಕೊಮ್ಮೆ ಊರು ಬಿಟ್ಟು ಹೋಗುತ್ತಿದ್ದ ಚಿಕ್ಕಪ್ಪ, ಬಾಣಂತನದಲ್ಲಿ ‘ಗಾಳಿ ಸೋಕಿದ’ ಸೋದರತ್ತೆ, ಅಕಾಲದಲ್ಲಿ ಜೀವ ಕಳೆದುಕೊಂಡ ಅಜ್ಜ. ಇವರ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಡುವುದಿಲ್ಲ. ಸಂಬಂಧ ಕೂಡಿಬರುವುದಿಲ್ಲ ಎಂಬ ಭಯ. ಡಾಕ್ಟರ ಮುಂದಾದರೂ ಬಾಯಿಬಿಡಿ.

ಮನೆಯಲ್ಲಿ ಹೇಳುವುದು ಹೇಗೆ

‘ನನಗೆ ಬೈಪೋಲಾರ್ ಇದೆ’ ಎಂದು ಶುರು ಮಾಡಿದರೆ ‘ಮೊಬೈಲ್ ನೋಡಿ ಕೆಟ್ಟೋದೆ’ ಎಂಬ ಉತ್ತರ ಬರಬಹುದು. ಕಂಡದ್ದನ್ನಷ್ಟೇ ಹೇಳಿ: ‘ಅಮ್ಮಾ, ಹದಿನೈದು ದಿನದಿಂದ ನಿದ್ದೆ ಸರಿಯಿಲ್ಲ, ಓದೋಕೆ ಆಗ್ತಿಲ್ಲ, ಭಯ ಆಗ್ತಿದೆ, ಒಂದ್ಸಲ ಡಾಕ್ಟರ ಹತ್ರ ಹೋಗೋಣ.’ ಅಮ್ಮ ಒಪ್ಪದಿದ್ದರೆ ಸೋದರಮಾವನನ್ನೋ ನಂಬಿಕೆಯ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಹಿಡಿಯಿರಿ. ಚಿಕ್ಕತಿರುಪತಿಗೆ ಹರಕೆ ಹೊತ್ತುಕೊಳ್ಳುವ ಹಿರಿಯರನ್ನು ಬೇಡ ಎನ್ನಬೇಡಿ. ದೇವಸ್ಥಾನಕ್ಕೂ ಹೋಗೋಣ, ಆಸ್ಪತ್ರೆಗೂ ಹೋಗೋಣ ಎನ್ನಿ. ಕಟ್ಟಿಹಾಕುವ, ಹೊಡೆಯುವ, ಉಪವಾಸ ಕೆಡವುವ ಕಡೆಗೆ ಮಾತ್ರ ಯಾರನ್ನೂ ಕರೆದೊಯ್ಯಕೂಡದು.

ಯಾರ ಬಳಿಯೂ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದು. ದಿನದ 24 ಗಂಟೆ, ಉಚಿತ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಲ್ಲಿ ಕನ್ನಡವೂ ಉಂಟು, ತೆಲುಗೂ ಉಂಟು. ಫೋನಿನಲ್ಲಿ ಕಾಯಿಲೆ ನಿರ್ಧರಿಸಿಬಿಡುವುದಿಲ್ಲ, ಮುಂದಿನ ದಾರಿ ಹೇಳುತ್ತಾರೆ.

ಎಲ್ಲಿಗೆ ಹೋಗಬೇಕು

ಸೀದಾ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗಿಬಿಡೋಣ ಎನ್ನುವವರೇ ಹೆಚ್ಚು. ತುರ್ತು ಇಲ್ಲದಿದ್ದರೆ ಮೊದಲು ಮಾಲೂರು ಅಥವಾ ಕೋಲಾರ ಎಂಬುದು ನನ್ನ ಸಲಹೆ. ಈ ಕಾಯಿಲೆಗೆ ಒಂದು ಭೇಟಿ ಸಾಲದು. ಕುಗ್ಗಿದಾಗಲೂ ಏರಿದಾಗಲೂ ಒಬ್ಬರೇ ಡಾಕ್ಟರು ನೋಡಿದ್ದರೆ ಕಾಯಿಲೆ ಬೇಗ ಗುರುತಿಗೆ ಸಿಗುತ್ತದೆ. ಕೂಲಿ ಬಿಟ್ಟು, ಕಲ್ಲುಕೆಲಸ ಬಿಟ್ಟು ಮಗುವಿನ ಜೊತೆ ಹತ್ತು ಸಲ ಬೆಂಗಳೂರಿಗೆ ಓಡಾಡುವುದು ಎಷ್ಟು ಮನೆಗಳಿಗೆ ಸಾಧ್ಯ?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಲ್ಲ ಜಿಲ್ಲೆಗಳಲ್ಲೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು ಎಂಬುದು ಹೆಮ್ಮೆಯ ಸಂಗತಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಮಾಲೂರಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡೇ ಬಸ್ಸು ಹತ್ತಿ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ.

ಎರಡು ಮೂರು ಭೇಟಿಯಾದರೂ ಸ್ಪಷ್ಟವಾಗದಿದ್ದರೆ, ಮಗುವಿಗೆ ಹದಿಮೂರೋ ಹದಿನಾಲ್ಕೋ ಆಗಿದ್ದರೆ, ಚೀಟಿ ಬರೆಸಿಕೊಂಡು ನಿಮ್ಹಾನ್ಸ್‌ಗೆ ಹೋಗಿ. ಅಲ್ಲಿ ಮಕ್ಕಳು ಮತ್ತು ಹರೆಯದವರಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ಟೇಕಲ್ ಸ್ಟೇಷನ್ನಿನಿಂದ ಬೆಳಗಿನ ರೈಲು ಹಿಡಿದು ಕಂಟೋನ್ಮೆಂಟಿನಲ್ಲಿ ಇಳಿದರೆ ಹೊಸೂರು ರಸ್ತೆಗೆ ಸಿಟಿ ಬಸ್ಸು ಸಿಗುತ್ತದೆ. ಆಧಾರ್, ಬಿಪಿಎಲ್ ಕಾರ್ಡ್, ಹಳೆಯ ಚೀಟಿಗಳು, ಮಧ್ಯಾಹ್ನದ ಬುತ್ತಿ ಜೊತೆಗಿರಲಿ. ಒಂದಿಡೀ ದಿನ ಹಿಡಿಯುತ್ತದೆ.

ಮಂಗಳವಾರಕ್ಕೆ ಕಾಯಬಾರದ ಸಂದರ್ಭಗಳಿವೆ. ಸಾಯುವ ಮಾತಾಡಿದರೆ, ಎರಡು ಮೂರು ರಾತ್ರಿ ಕಣ್ಣೇ ಮುಚ್ಚದಿದ್ದರೆ, ಇಲ್ಲದ ದನಿ ಕೇಳಿಸಿದರೆ, ಅನ್ನ ನೀರು ಬಿಟ್ಟರೆ, ಮನೆ ಬಿಟ್ಟು ಓಡಿದರೆ ಅಂದೇ ಹೊರಡಿ. 108 ಕರೆಯಿರಿ. ಎಸ್‌ಎನ್‌ಆರ್‌ನ ತುರ್ತು ವಿಭಾಗಕ್ಕೆ ಹೋಗಬಹುದು, ನಿಮ್ಹಾನ್ಸ್‌ನಲ್ಲಿ ರಾತ್ರಿಯೂ ತುರ್ತು ಚಿಕಿತ್ಸೆ ಉಂಟು. ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೊಮೆಟೊ ತೋಟಕ್ಕೆ ತಂದಿಟ್ಟ ಔಷಧಿ ಬಾಟಲಿಗಳನ್ನು, ಅಜ್ಜಿಯ ಬಿಪಿ ಮಾತ್ರೆಗಳನ್ನು ಬೀಗದೊಳಗಿಡಿ, ಇಲ್ಲವೇ ಪಕ್ಕದ ಮನೆಗೆ ಸಾಗಿಸಿ. ‘ಸಾಯಬೇಕು ಅನ್ನಿಸ್ತಿದೆಯಾ ಮಗಾ’ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಡಾಕ್ಟರ ಕೋಣೆಯಲ್ಲಿ

ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಮಗುವಿನ ಜೊತೆ ಬೇರೆ, ಮನೆಯವರ ಜೊತೆ ಬೇರೆ ಮಾತಾಡುತ್ತಾರೆ. ಹಾಗೆ ಮಾಡದಿದ್ದರೆ ‘ನಿಮ್ಮ ಹತ್ತಿರ ಒಬ್ಬನೇ ಮಾತಾಡಬೇಕು’ ಎಂದು ನೀವೇ ಕೇಳಿ. ಗಾಂಜಾ, ಕುಡಿತ, ವೈಟ್ನರ್ ಏನಾದರೂ ಇದ್ದರೆ ಅಲ್ಲಿ ಮುಚ್ಚಿಡಬೇಡಿ, ಇವೂ ಉನ್ಮಾದದಂಥ ಲಕ್ಷಣ ತರಬಲ್ಲವು. ಯಾರಾದರೂ ಹಿಂಸೆ ಕೊಟ್ಟಿದ್ದರೆ, ಮೈಮುಟ್ಟಿದ್ದರೆ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟು ಕಾಯುವ ಹೊಣೆಯನ್ನು ವೈದ್ಯರ ಮೇಲೆ ಹೊರಿಸಿದೆ. ಆದರೆ ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕಾಗುತ್ತದೆ, 18 ತುಂಬದವರ ಮೇಲೆ ಲೈಂಗಿಕ ಹಿಂಸೆ ನಡೆದಿದ್ದರೆ ಕಾನೂನಿನಂತೆ ಪೊಲೀಸರಿಗೂ ತಿಳಿಸಬೇಕಾಗುತ್ತದೆ. ಯಾವುದನ್ನು ಹೇಳುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ.

ರಕ್ತಪರೀಕ್ಷೆ ಬರೆದರೆ ಗಾಬರಿ ಬೇಡ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯಂಥ ಬೇರೆ ಕಾರಣಗಳಿಲ್ಲ ಎಂದು ಖಚಿತ ಮಾಡಿಕೊಳ್ಳಲು ಅದು ಬೇಕು. ತಲೆಯ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ. ಫಿಟ್ಸ್ ಬಂದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ ಹೇಳಿ.

ಹೊರಬರುವಾಗ ಕೈಯಲ್ಲಿ ಕಾಯಿಲೆಯ ಹೆಸರು ಇಲ್ಲದಿರಬಹುದು. ‘ಸದ್ಯಕ್ಕೆ ಖಿನ್ನತೆ, ಮುಂದೆ ನೋಡೋಣ’ ಎಂದರೆ ಅದು ಡಾಕ್ಟರಿಗೆ ಗೊತ್ತಾಗದೆ ಹೇಳಿದ ಮಾತಲ್ಲ. ಹದಿನೈದನೇ ವಯಸ್ಸಿಗೆ ಅವಸರದಲ್ಲಿ ಹೆಸರಿಡುವವರಿಗಿಂತ ಕಾದು ನೋಡುವ ಡಾಕ್ಟರನ್ನೇ ನಾನು ಹೆಚ್ಚು ನಂಬುತ್ತೇನೆ. ಮುಂದಿನ ಭೇಟಿಯ ದಿನ ಮಾತ್ರ ಬರೆಸಿಕೊಳ್ಳದೆ ಏಳಬೇಡಿ. ಶಾಲೆಗೆ ರಜೆಯ ಚೀಟಿಯನ್ನೂ ಕೇಳಿ, ಹಾಜರಾತಿ ಶೇ 75ಕ್ಕಿಂತ ಇಳಿದರೆ ಪರೀಕ್ಷೆಗೆ ತೊಡಕು. ಆ ಚೀಟಿಯಲ್ಲಿ ಕಾಯಿಲೆಯ ಹೆಸರು ಇರಲೇಬೇಕೇ ಎಂದು ಡಾಕ್ಟರ ಜೊತೆ ಮಾತಾಡಿ.

ದಾಖಲಾಗಬೇಕು ಎಂದರೆ 18 ತುಂಬದವರ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಪೋಷಕರ ಅರ್ಜಿ ಬೇಕು, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ದೊಡ್ಡವರ ವಾರ್ಡಿನಿಂದ ಬೇರೆ ಇರಿಸಬೇಕು, ಮನೆಯವರೊಬ್ಬರು ಜೊತೆಗೇ ಇರಬೇಕು.

ಮಾತ್ರೆ ಬರೆದುಕೊಟ್ಟರೆ

ಎಷ್ಟು ದಿನಕ್ಕೆ ಫಲ ಕಾಣುತ್ತದೆ, ಏನು ತೊಂದರೆಯಾದರೆ ತಕ್ಷಣ ಬರಬೇಕು ಎಂದು ಕೇಳಿ ನೋಟ್‌ಬುಕ್ಕಿನಲ್ಲೇ ಬರೆದುಕೊಳ್ಳಿ. ಸುಧಾರಿಸಿತು ಎಂದು ತಾನಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದೇ ಹೆಚ್ಚು. ಬರೆದ ಮಾತ್ರೆ ಲಿಥಿಯಂ ಆದರೆ ಅದರ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಮೂರನ್ನೂ ಆಗಾಗ ರಕ್ತದಲ್ಲಿ ನೋಡಿಸುತ್ತಿರಬೇಕು. ಬಿಸಿಲಲ್ಲಿ ದುಡಿದು ಬೆವರಿದ ದಿನ, ವಾಂತಿ ಭೇದಿ ಆದ ದಿನ ಲಿಥಿಯಂ ಮೈಯಲ್ಲಿ ಹೆಚ್ಚಾಗಿ ಕೈ ನಡುಗಬಹುದು, ನಡಿಗೆ ತಪ್ಪಬಹುದು. ನೀರು ಬಿಡಬೇಡಿ, ಊಟದ ಉಪ್ಪನ್ನು ದಿಢೀರನೆ ಕಡಿಮೆ ಮಾಡಬೇಡಿ, ಅಂಗಡಿಯ ನೋವಿನ ಮಾತ್ರೆ ಕೇಳದೆ ನುಂಗಬೇಡಿ. ವಾಲ್‌ಪ್ರೋಯೇಟ್ ಎಂಬ ಇನ್ನೊಂದು ಮಾತ್ರೆ ಗರ್ಭದಲ್ಲಿರುವ ಕೂಸಿಗೆ ಹಾನಿ ಮಾಡಬಲ್ಲದು. ಹುಡುಗಿಗೆ ಅದನ್ನು ಬರೆದಿದ್ದರೆ ಬೇರೆ ಔಷಧಿ ಆಗುತ್ತದೆಯೇ ಎಂದು ಅಲ್ಲೇ ಕೇಳಿ. ಮದುವೆ ಇನ್ನೂ ದೂರ ಎಂದು ಸುಮ್ಮನಾಗಬೇಡಿ.