ನಿದ್ದೆಯೂ ತಾಲೀಮಿನ ಭಾಗವೇ

ಪ್ರಶ್ನೆ: ನನಗೆ 23 ವರ್ಷ. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಿ ನಡೆಸಿದ್ದೇನೆ. ಮನೆ ನಡೆಯಬೇಕಲ್ಲ ಎಂದು ಎರಡು ತಿಂಗಳಿಂದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಬೆಳಿಗ್ಗೆ ಪಾಳಿ ಮುಗಿಸಿ ನೇರ ಮೈದಾನಕ್ಕೆ ಹೋಗಿ ಓಡುತ್ತೇನೆ. ಮಲಗುವುದು ನಾಲ್ಕೇ ಗಂಟೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸುತ್ತಿದ್ದವನಿಗೆ ಈಗ ಎರಡನೇ ಸುತ್ತಿಗೇ ದಮ್ಮು ಹತ್ತುತ್ತದೆ. ಸುಮ್ಮನೆ ಕೂತಾಗಲೂ ಎದೆ ಡವಡವ ಎನ್ನುತ್ತದೆ. ಹೃದಯಕ್ಕೆ ಏನಾದರೂ ಆಗಿದೆಯೇ ಸರ್?
– ಓದುಗ, ಹಾವೇರಿ ಜಿಲ್ಲೆ

ಉತ್ತರ: ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ. ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗಳ ಬಗ್ಗೆ ಕೇಳಿ. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ಹೆಚ್ಚಾದರೂ ಎದೆಬಡಿತ ಏರುತ್ತದೆ. ಓಡುವಾಗ ಎದೆನೋವು ಬಂದರೆ, ಕಣ್ಣು ಕತ್ತಲಿಟ್ಟರೆ, ಬಡಿತ ತಾಳ ತಪ್ಪಿದರೆ ಅಂದೇ ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಜೋರು ಓಟ ಬೇಡ.

ಇವೆಲ್ಲ ಸರಿಯಿದ್ದರೆ, ಕಾರಣ ನಿಮ್ಮ ಪತ್ರದಲ್ಲೇ ಇದೆ. ಗಾಢ ನಿದ್ದೆಯಲ್ಲಿ ಹೃದಯದ ಬಡಿತ ತಗ್ಗುತ್ತದೆ, ರಕ್ತದೊತ್ತಡ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಇಳಿಯುತ್ತದೆ. ದಣಿದ ಸ್ನಾಯುಗಳ ದುರಸ್ತಿಗೆ ಬೇಕಾದ ಬೆಳವಣಿಗೆ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಆಗಲೇ. ನಿದ್ದೆ ಮೊಟಕಾದರೆ, ದೇಹವನ್ನು ಕೆಲಸಕ್ಕೆ ಎಬ್ಬಿಸಿ ನಿಲ್ಲಿಸುವ ನರವ್ಯವಸ್ಥೆ ಹಗಲಿಡೀ ಬಿಗಿಯಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಕೂತಲ್ಲೂ ಡವಡವ. ಇನ್ನು ಓಟದ ಮಾತು. ನಿದ್ದೆಗೆಟ್ಟ ಮಾತ್ರಕ್ಕೆ ಆಮ್ಲಜನಕ ಬಳಸುವ ಶಕ್ತಿ ಅಷ್ಟು ಬೇಗ ಕುಗ್ಗುವುದಿಲ್ಲ. ಆದರೆ ಅದೇ ವೇಗ ಹೆಚ್ಚು ಕಷ್ಟವೆನಿಸುತ್ತದೆ, ಸುಸ್ತು ಮೊದಲೇ ಆವರಿಸುತ್ತದೆ. ಎರಡು ತಿಂಗಳಿಂದ ಮಾಡಿದ ಅಭ್ಯಾಸ ಮೈಗೆ ಹತ್ತದಿರುವುದೂ ಇದರಿಂದಲೇ.

ಹಾಗಾಗಿ ದಿನಚರಿಯನ್ನು ತಿರುವಿಹಾಕಿ. ಪಾಳಿ ಮುಗಿಸಿ ನೇರ ಮನೆಗೆ ಬನ್ನಿ. ಹಗುರವಾಗಿ ತಿಂದು, ಕಿಟಕಿಗೆ ದಪ್ಪ ಚಾದರ ಕಟ್ಟಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿ. ಕನಿಷ್ಠ ಏಳು ಗಂಟೆ ಬೇಕು. ಆ ಹೊತ್ತಿನಲ್ಲಿ ಎಬ್ಬಿಸಬಾರದೆಂದು ಮನೆಯವರಿಗೆ ಹೇಳಿ. ಚಹಾದಲ್ಲಿನ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ, ಆದ್ದರಿಂದ ರಾತ್ರಿ ಎರಡರ ಮೇಲೆ ಚಹಾ ಬೇಡ. ಓಟ ಸಂಜೆಗಿರಲಿ. ಸ್ನಾಯುಗಳು ಚುರುಕಾಗಿರುವುದೂ ಆಗಲೇ.

ಎದ್ದ ಕೂಡಲೇ, ಹಾಸಿಗೆ ಬಿಡುವ ಮುನ್ನ, ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ ಬರೆದಿಡಿ. ಒಂದು ವಾರದಲ್ಲಿ ನಿಮ್ಮ ಸಹಜ ಲೆಕ್ಕ ತಿಳಿಯುತ್ತದೆ. ಅದಕ್ಕಿಂತ ಎಂಟು–ಹತ್ತು ಬಡಿತ ಹೆಚ್ಚಿದ್ದ ದಿನ ಓಡಬೇಡಿ, ನಡೆದು ಬನ್ನಿ. ವಿಶ್ರಾಂತಿಯಲ್ಲೇ ನೂರು ದಾಟುತ್ತಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ.

ದೈಹಿಕ ಪರೀಕ್ಷೆಯ ದಿನ ಗೊತ್ತಾದೊಡನೆ ಮೇಲ್ವಿಚಾರಕರನ್ನು ಕಂಡು, ಅದಕ್ಕೆ ಮುಂಚಿನ ಎರಡು ವಾರ ಹಗಲು ಪಾಳಿ ಕೇಳಿ. ಸಂಕೋಚ ಬೇಡ. ಮನೆಯ ಹೊಣೆ ಹೊತ್ತುಕೊಂಡೇ ಗುರಿಯ ಕಡೆ ಓಡುತ್ತಿರುವವರು ನೀವು. ನಿದ್ದೆಗೆ ಕೊಡುವ ಗಂಟೆಗಳನ್ನು ಸೋಮಾರಿತನದ ಲೆಕ್ಕಕ್ಕೆ ಹಾಕದೆ, ಅಭ್ಯಾಸದ ಲೆಕ್ಕಕ್ಕೇ ಬರೆಯಿರಿ.