ಬೋಲ್ಟಿಗೂ ಒಂದು ಹದವಿದೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೈತ ಬಂಧುಗಳೇ, ಶೇಂಗಾ ಬಿತ್ತನೆಗೆ ಮುಂಚೆ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಸುತ್ತಿದ್ದೀರಾ? ಹೆಡ್ ಬೋಲ್ಟುಗಳ ಮೇಲೊಂದು ಕಣ್ಣಿಡಿ.

ಬಿಗಿದಾಗ ಬೋಲ್ಟು ತುಸು ಹಿಗ್ಗಿ, ಹೆಡ್ಡನ್ನು ಸ್ಪ್ರಿಂಗಿನಂತೆ ಎಳೆದು ಹಿಡಿಯುತ್ತದೆ. ಬೇರೆ ತಯಾರಕರ ಬೋಲ್ಟಿಗೆ ಎಂಜಿನ್ ಪುಸ್ತಕದ ಟಾರ್ಕ್ (ಬಿಗಿಯುವ ತಿರುಚುಬಲ) ಅಂಕಿ ಹೊಂದದಿರಬಹುದು; ಬೋಲ್ಟಿನ ಜೊತೆ ಬಂದ ಚೀಟಿಯನ್ನೇ ನಂಬಿ. ಚೀಟಿ ಇಲ್ಲದ ಬೋಲ್ಟು ಬೇಡ. ಚೀಟಿಯಲ್ಲಿ ಹೇಳಿದ ಎಣ್ಣೆಯನ್ನೇ ಥ್ರೆಡ್ಡಿಗೂ ತಲೆಯಡಿಗೂ ಸವರಿ. ಒಣ ಬೋಲ್ಟಿನ ಅಂಕಿಗೆ ಎಣ್ಣೆ ಹಚ್ಚಿದ್ದನ್ನು ಬಿಗಿದರೆ ಅತಿಯಾಗಿ ಹಿಗ್ಗಿ ತುಂಡಾದೀತು. ರಂಧ್ರದೊಳಗೆ ನೀರು, ಮಣ್ಣು ಉಳಿಯದಿರಲಿ. ನಡುವಿನಿಂದ ಅಂಚಿಗೆ, ಹಂತ ಹಂತವಾಗಿ, ಟಾರ್ಕ್ ವ್ರೆಂಚಿನಿಂದಲೇ ಬಿಗಿಸಿ.

ಕೈಯಂದಾಜು ಸಾರಿನ ಉಪ್ಪಿಗೆ ಸಾಕು. ಎಂಜಿನ್ನಿಗೆ ಅಳತೆಯೇ ಬೇಕು. ಎಂಜಿನ್ ಕೆಟ್ಟು ನಿಂತರೆ ಬಿತ್ತನೆಯ ಹದ ನಮಗಾಗಿ ಕಾಯುವುದಿಲ್ಲ.